ಹದಿನೇಳನೇ ಕೊಂಬೆ

ಮೊದಲು ಸಿಕ್ಕಿದ್ದು ಬಳೆ. ಆಮೇಲೆ ಬಳೆಯೊಳಗಿನ ಮೂಳೆ.

ಹಿತ್ತಲಲ್ಲಿ ಚರಂಡಿ ಪೈಪಿಗೆಂದು ಅಗೆಯುತ್ತಿದ್ದ ಕೂಲಿಯವರು ಗುದ್ದಲಿ ಬಿಸಾಕಿ ದೂರ ಸರಿದರು. ಇನ್‌ಸ್ಪೆಕ್ಟರಮ್ಮ ಗುಂಡಿಗಿಳಿದಳು. ತಲೆಬುರುಡೆ ಹಿಂದಿನಿಂದ ಒಡೆದಿತ್ತು. ಬಳೆ ನೋಡುತ್ತಲೇ ಆ ಮನೆಯ ಅಣ್ಣತಮ್ಮಂದಿರಲ್ಲಿ ತಮ್ಮ ಅದರ ಗುರುತು ಹಿಡಿದ. ಎಂಟು ವರ್ಷದ ಹಿಂದೆ, ಆರು ವರ್ಷದ ಮಗಳನ್ನು ಬಿಟ್ಟು ಕಾಣೆಯಾದ ಅವನ ಹೆಂಡತಿಯ ಬಳೆ ಅದು.

ಆಗ ಆ ಕೇಸು ನಡೆಸಿದವಳು ಇನ್‌ಸ್ಪೆಕ್ಟರಮ್ಮನೇ. ಬುಧವಾರ ಸಂಜೆ ಆ ಹೆಂಗಸು ಮನೆಯ ಮಾಲಿಯ ಜೊತೆ ಹಿಂದಿನ ಗೇಟು ದಾಟಿದ್ದನ್ನು ಮಹಡಿ ಕಿಟಕಿಯಿಂದ ಕಣ್ಣಾರೆ ಕಂಡೆ ಎಂದು ಶನಿವಾರ ಹೇಳಿಕೆ ಕೊಟ್ಟಿದ್ದ, ಗಂಡನ ಅಣ್ಣ. ಮಾಲಿ ಬೇರೆ ಊರಲ್ಲಿ ಸಿಕ್ಕಿಬಿದ್ದ. ಹೆಂಗಸು ಸಿಗಲಿಲ್ಲ. "ಮಧ್ಯಾಹ್ನಾನೇ ನನ್ನ ಕೆಲಸ ಬಿಡಿಸಿದ್ರು, ದೊಡ್ಡ ಯಜಮಾನರನ್ನೇ ಕೇಳಿ" ಎಂದು ಮಾಲಿ ಗೋಗರೆದ. ಇನ್‌ಸ್ಪೆಕ್ಟರಮ್ಮ ಅವನ ಎರಡು ಬೆರಳು ಮುರಿಸಿದಳು. ಅಪಹರಣಕ್ಕೆ ಆರು ವರ್ಷ ಶಿಕ್ಷೆಯಾಯಿತು. ಮೂರನೇ ವರ್ಷ ಜೈಲಲ್ಲೇ ಸತ್ತ. ಅವಳಿಗೆ ಬಡ್ತಿ ಸಿಕ್ಕಿತು.

"ಆ ಮಾಲೀನೇ ವಾಪಸ್ ಕರ್ಕೊಂಡು ಬಂದು ಕೊಂದಿರ್ಬೇಕು," ಎಂದ ಅಣ್ಣ.

ಇನ್‌ಸ್ಪೆಕ್ಟರಮ್ಮ ಮೊದಲು ಸತ್ತವಳ ಗಂಡನನ್ನೇ ಶಂಕಿಸಿದಳು. ಹಳೆಯ ಕಾಗದ ತೆಗೆಸಿದಳು. ಆ ವಾರವೆಲ್ಲ ಅವನು ಕಾಲು ಮುರಿದುಕೊಂಡು ದೂರದ ಆಸ್ಪತ್ರೆಯಲ್ಲಿ ಮಲಗಿದ್ದ.

*

ಮರುದಿನ ಬೆಳಿಗ್ಗೆ ಹೆಂಗಸೊಬ್ಬಳು ಹಿತ್ತಲಿಗೆ ನುಗ್ಗಿದಳು. ಕೈಯಲ್ಲಿ ಅಳತೆ ಟೇಪು, ಹೆಗಲಲ್ಲಿ ಲ್ಯಾಪ್‌ಟಾಪು. ಪಕ್ಕದ ಬೀದಿಯ ಸಂಶೋಧನಾ ಕೇಂದ್ರದ ವಿಜ್ಞಾನಿ.

"ಅತ್ತಿಮರದ ಬೇರು ಯಾರನ್ನ ಕೇಳಿ ಕಡಿದ್ರು? ಹತ್ತು ವರ್ಷದಿಂದ ಅಳೀತಿದೀನಿ ಇದನ್ನ."

"ಮರದಲ್ಲಿ ಅಳೆಯೋದೇನಿದೆ?"

"ಪ್ರತಿ ಕೊಂಬೆಗೂ ನಂಬರಿದೆ. ಉದ್ದ, ದಪ್ಪ, ಎಷ್ಟು ಓರೆ, ಎಲ್ಲಿ ಕವಲೊಡೀತು, ಎಲ್ಲ ಕಂಪ್ಯೂಟರಿಗೆ ಕೊಡ್ತೀನಿ. ಅದು ಮುಂದಿನ ವರ್ಷದ ಮರಾನ ಬೆಳೆಸಿ ತೋರಿಸುತ್ತೆ. ನಲವತ್ತು ಮರದಲ್ಲಿ ತಾಳೆಯಾಯ್ತು. ಇದೊಂದು ಕೈಕೊಡ್ತು."

"ಹೇಗೆ?"

"ಹದಿನೇಳನೇ ಕೊಂಬೆ ಬೆಳೀಬೇಕಿತ್ತು. ಮುಂದಿನ ವರ್ಷ ಬಂದ್ರೆ ಅದೇ ಇಲ್ಲ. ಯಾರೋ ಗರಗಸ ಹಾಕಿದ್ರು."

"ಆ ಕೊಂಬೇನ ಕೊನೇ ಸಲ ಅಳೆದಿದ್ದು ಯಾವತ್ತು?"

ವಿಜ್ಞಾನಿ ಪರದೆ ತಿರುಗಿಸಿದಳು. ಎಂಟು ವರ್ಷದ ಹಿಂದೆ. ಹೆಂಗಸು ಕಾಣೆಯಾದ ಬುಧವಾರದ ಹಿಂದಿನ ದಿನ.

*

ಮಧ್ಯಾಹ್ನದವರೆಗೆ ಇಬ್ಬರೂ ಕಿಟಕಿಯ ಎತ್ತರ, ಗೇಟಿನ ದೂರ ಅಳೆದರು. ಪರದೆಯ ಮೇಲೆ ಆ ಮಂಗಳವಾರದ ಮರ ಎದ್ದು ನಿಂತಿತು. ಮೊದಲು ಬೋಳು ಗೆರೆ, ಆಮೇಲೆ ಕವಲು, ಆಮೇಲೆ ಎಲೆ. ವಿಜ್ಞಾನಿ ನೋಟವನ್ನು ಮಹಡಿ ಕಿಟಕಿಗೆ ತಂದಳು.

ಬರೀ ಎಲೆ. ಗೇಟೇ ಇಲ್ಲ.

"ಗಾಳಿಗೆ ಸರಿದ್ರೆ?"

"ಕಂಪ್ಯೂಟರಲ್ಲೇ ಸಾವಿರ ಸಲ ಅಲ್ಲಾಡಿಸಿದೆ ಮೇಡಂ. ಗೇಟಿನ ಚಿಲಕವೂ ಕಾಣಲ್ಲ."

ಹದಿನೇಳನ್ನು ಅಳಿಸಿದಳು. ಗೇಟು ನಿಚ್ಚಳವಾಗಿ ಕಂಡಿತು. ಆ ಶನಿವಾರ ಇನ್‌ಸ್ಪೆಕ್ಟರಮ್ಮ ಅದೇ ಕಿಟಕಿಯಲ್ಲಿ ನಿಂತು ಕಂಡದ್ದೂ ಇದನ್ನೇ. ಕಂಡೇ ನಂಬಿದ್ದಳು.

*

ಅಣ್ಣ ಪೇಪರ್ ಓದುತ್ತಿದ್ದ.

"ಹಿತ್ತಲ ಮರದ ಕೊಂಬೆ ಕಡಿದೋರು ಯಾರು?" ಎಂದು ಕೇಳಿದಳು.

"ನಾನೇ. ಒಣಗಿತ್ತು."

"ಯಾವತ್ತು ಕಡಿದ್ರಿ?"

"ನೆನಪಿಲ್ಲ."

"ನಾನು ಹೇಳ್ತೀನಿ. ಮಂಗಳವಾರ ಆ ಕೊಂಬೆ ಹಸಿರಾಗಿತ್ತು. ಇನ್ನೂರ ಹನ್ನೆರಡು ಎಲೆ ಎಣಿಸಿ ಬರೆದಿಟ್ಟಿದಾರೆ. ಅದು ಇರೋವರೆಗೂ ಕಿಟಕಿಯಿಂದ ಗೇಟು ಕಾಣಲ್ಲ. ಶನಿವಾರ ನಂಗೆ ಕಾಣಿಸ್ತು. ಬುಧವಾರ ಮಧ್ಯಾಹ್ನದಿಂದ ಮಾಲಿ ಇರ್ಲಿಲ್ಲ, ನಿಮ್ಮ ತಮ್ಮ ಆಸ್ಪತ್ರೇಲಿದ್ದ, ಮಗೂಗೆ ಆರು ವರ್ಷ. ಕಾಣದ್ದನ್ನ ಕಂಡೆ ಅಂದ್ರಿ. ಆ ಸುಳ್ಳಿಗೆ ದಾರಿ ಮಾಡಕ್ಕೆ ಮರ ಹತ್ತಿದ್ರಿ. ಅವಳು ಗೇಟು ದಾಟಲೇ ಇಲ್ಲ."

ಅಣ್ಣ ಪೇಪರನ್ನು ನೀಟಾಗಿ ಮಡಚಿದ.

"ಅವಳ ಕೈ ಹಿಡಿದು ಎಳೆದಿದ್ದೆ. ತಮ್ಮನಿಗೆ ಹೇಳ್ತೀನಿ ಅಂದ್ಳು. ಮಾಲಿ ನೋಡಿಬಿಟ್ಟಿದ್ದ. ಅವನನ್ನ ಮಧ್ಯಾಹ್ನ ಓಡಿಸಿದೆ, ಇವಳನ್ನ ಸಂಜೆ ಮುಗಿಸಿದೆ." ಅಗಸನಿಗೆ ಹಾಕಿದ ಬಟ್ಟೆ ಎಣಿಸುವವನ ದನಿ. "ಅವನು ನಿಮಗೆ ಹೇಳಿರ್ಬೇಕಲ್ಲ?"

ಹೇಳಿದ್ದ. ಎರಡನೇ ಬೆರಳು ಮುರಿದದ್ದು ಅದನ್ನು ಹೇಳಿದ್ದಕ್ಕೇ.

"ಮಾಲೀನ ಕೊಂದಿದ್ದು ನಾನಲ್ಲ ಮೇಡಂ," ಎಂದು ಅವನು ಎದ್ದು ಬೇಡಿಗೆ ಕೈ ಚಾಚಿದ.

ಪೇದೆಗಳು ಕರೆದೊಯ್ದರು. ಮೆಟ್ಟಿಲ ಮೇಲೆ ತಮ್ಮನ ಮಗಳು ನಿಂತಿದ್ದಳು. ಈಗ ಹದಿನಾಲ್ಕು. ಎಲ್ಲ ಕೇಳಿಸಿಕೊಂಡಿದ್ದಳು.

"ಅಮ್ಮ ಓಡಿಹೋಗಿರ್ಲಿಲ್ವಾ?"

"ಇಲ್ಲಮ್ಮ."

"ನಾನು ಅವಳ ಫೋಟೋ ಎಲ್ಲ ಸುಟ್ಟೆ. ಬೆಂಕಿಪೊಟ್ಟಣ ದೊಡ್ಡಪ್ಪಾನೇ ಕೊಟ್ಟಿದ್ದು." ಹುಡುಗಿ ಒಂದು ಮೆಟ್ಟಿಲು ಇಳಿದಳು. "ಮುಖ ಮರೆತುಹೋಗಿದೆ. ನಿಮ್ಮ ಫೈಲಲ್ಲಿ ಒಂದಾದ್ರೂ ಇದ್ಯಾ?"

"ಇತ್ತು. ಕೇಸು ಮುಗೀತು ಅಂತ ಮನೆಗೇ ವಾಪಸ್ ಕಳಿಸಿದ್ವಿ."

"ಕಂದು ಕವರಲ್ಲೇನಾ?"

"ಹೌದು."

"ಅದನ್ನೇ ಮೊದಲು ಸುಟ್ಟಿದ್ದು," ಎಂದಳು ಹುಡುಗಿ.