ನೆರಳು ವರದಿ

"ಸರ್ಕಾರ ಬಂತು! ಸರ್ಕಾರ ಬಂತು!"

ನೆರಳು ಎರಡೆರಡು ಮೆಟ್ಟಿಲು ಹಾರಿಕೊಂಡು ಮೇಲೆ ಓಡಿ ಬಂದ. ಅವನ ಹಿಂದೆ ಚಪ್ಪಲಿಯ ಪಟಪಟ ಸದ್ದು. ಅಕ್ಕ ಅವನ ತೋಳು ಹಿಡಿದೆಳೆದು ಗೋಡೆಗೆ ಒರಗಿಸಿ ಕೂರಿಸಿದಳು.

"ಬಾಯಿ ಮುಚ್ಕೊಂಡಿರು. ನಾನು ಕಣ್ಣು ಹೊಡೆದಾಗ ಮಾತ್ರ ತೆಗೀಬೇಕು, ಗೊತ್ತಾಯ್ತಾ?"

ಅವನು ಗೊತ್ತಾಯ್ತು ಅಂತ ತಲೆಯಾಡಿಸಿದ. ಓದುವುದು ಒಂದನೇ ಕ್ಲಾಸು. ಅಕ್ಕ ಎಲ್ಲಿಗೆ ಹೋದರೂ ಹಿಂದೆ ಹಿಂದೆ ಹೋಗುತ್ತಿದ್ದುದರಿಂದ ಇಡೀ ಸ್ಕೂಲೇ ಅವನನ್ನು ನೆರಳು ಅನ್ನುತ್ತಿತ್ತು. ಅಕ್ಕನಿಗಿದ್ದ ಹೆಸರು ಸೈರನ್. ಅವಳು ಕೂಗಿದರೆ ಮೂರನೇ ಮಹಡಿಯ ಮಗುವಿಗೆ ಎಚ್ಚರವಾಗುತ್ತಿತ್ತು.

ಮೆಟ್ಟಿಲು ಹತ್ತಿ ಬಂದ ಸರ್ಕಾರ ಬೇರೆ ಯಾರೂ ಅಲ್ಲ, ಹಲ್ಲಿನ ಡಾಕ್ಟರು. ಅವರ ಕ್ಲಿನಿಕ್ ಇದ್ದದ್ದು ಅದೇ ಕಟ್ಟಡದ ನೆಲಮಹಡಿಯಲ್ಲಿ. ಕಟ್ಟಡದ ಸಂಘಕ್ಕೂ ಅವರೇ ಅಧ್ಯಕ್ಷರು. ಮೈಮೇಲೆ ಬಿಳಿ ಕೋಟು, ತೋರುಬೆರಳಿಗೆ ದಪ್ಪನೆಯ ಬ್ಯಾಂಡೇಜು.

ಜಗಳವೆಲ್ಲ ಶುರುವಾದದ್ದು ಆ ಬೆರಳಿನಿಂದಲೇ.

ಹೋದ ವಾರ ಡಾಕ್ಟರು ಒಬ್ಬ ಮೀಸೆಯವರ ಬಾಯಿಯೊಳಗೆ ಬೆರಳಿಟ್ಟು ದವಡೆ ಹಲ್ಲು ಮುಟ್ಟಿ ನೋಡುತ್ತಿದ್ದರು. ಕಿಟಕಿಯಾಚೆ ಹಿಂದಿನ ಅಂಗಳದಲ್ಲಿ ಮಕ್ಕಳ ಫುಟ್‌ಬಾಲ್ ನಡೆದಿತ್ತು. ಸೈರನ್ ಗೋಲು ಹೊಡೆದಳು. ಹೊಡೆದವಳು ಸುಮ್ಮನಿರಬೇಕಲ್ಲ? "ಗೋ...ಲ್!" ಅಂತ ಕೂಗಿದಳು.

ಮೀಸೆಯವರು ಬೆಚ್ಚಿಬಿದ್ದು ಟಪ್ಪನೆ ಬಾಯಿ ಮುಚ್ಚಿದರು. ಬೆರಳು ಇನ್ನೂ ಒಳಗೇ ಇತ್ತು.

ಮರುದಿನ ಅಂಗಳದ ಗೇಟಿಗೆ ಬೀಗ ಬಿತ್ತು. ಪಕ್ಕದಲ್ಲೊಂದು ಬೋರ್ಡೂ ಬಂತು: 'ಎಲ್ಲರ ಹಿತಕ್ಕಾಗಿ ಇಲ್ಲಿ ಆಟ ನಿಷೇಧಿಸಲಾಗಿದೆ.'

"ಎಲ್ಲರ ಅಂದ್ರೆ ಯಾರ?" ಅಂತ ಸೈರನ್ ಸಿಕ್ಕಸಿಕ್ಕವರನ್ನು ಕೇಳಿದಳು. ದೊಡ್ಡವರು 'ಎಲ್ಲರು' ಅಂದಾಗ ಅದರೊಳಗೆ ಮಕ್ಕಳನ್ನೂ ಸೇರಿಸಿಕೊಳ್ಳುವ ಅಭ್ಯಾಸ ಸ್ವಲ್ಪ ಕಡಿಮೆ. ರಸ್ತೆಗೆ ಹೋದರೆ ಲಾರಿಗಳು, ಮೆಟ್ಟಿಲ ಮೇಲೆ ಆಡಿದರೆ ಬೈಗುಳ. ಬಾಲು ಮಂಚದ ಕೆಳಗೆ ಸೇರಿ ಧೂಳು ತಿನ್ನತೊಡಗಿತು.

ಅದೇ ವಾರ ಟೀಚರ್ ವಿಶ್ವಸಂಸ್ಥೆಯ ಪಾಠ ಮಾಡಿದರು.

"ಮಕ್ಕಳಿಗೆ ಆಡೋ ಹಕ್ಕಿದೆ ಅಂತ ಹೆಚ್ಚುಕಡಿಮೆ ಎಲ್ಲಾ ದೇಶಗಳೂ ಒಪ್ಪಿ ಸಹಿ ಹಾಕಿವೆ," ಅಂದರು.

"ಸಹಿ ಹಾಕಿ ಮರೆತುಬಿಟ್ರೆ ಮಿಸ್?" ಸೈರನ್ ಕೇಳಿದಳು.

"ಮರೀಬಾರ್ದು ಅಂತಾನೇ ಅಲ್ಲೊಂದು ಸಮಿತಿ ಇದೆ. ಕೆಲವು ವರ್ಷಕ್ಕೊಮ್ಮೆ ಪ್ರತಿ ಸರ್ಕಾರವನ್ನೂ ಕರೆದು ಎದುರಿಗೆ ಕೂರಿಸಿಕೊಂಡು ಕೇಳುತ್ತೆ, ಕೊಟ್ಟ ಮಾತು ಏನಾಯ್ತಪ್ಪಾ ಅಂತ."

"ಉಳಿಸಿಕೊಳ್ಳದೇ ಇದ್ರೆ ಜೈಲಾ?"

"ಇಲ್ಲ. ಸಮಿತಿ ಹತ್ರ ಪೊಲೀಸೂ ಇಲ್ಲ, ಕೋಲೂ ಇಲ್ಲ."

"ಅಯ್ಯೋ! ಮತ್ತೇನಿದೆ?"

"ಪ್ರಶ್ನೆ ಇದೆ. ಎಲ್ಲರ ಮುಂದೆ ಕೇಳುತ್ತೆ. ಉತ್ತರ ಸರಿ ಇಲ್ಲದಿದ್ರೆ ಸರಿ ಇಲ್ಲ ಅಂತ ಲೋಕಕ್ಕೆಲ್ಲ ಹೇಳುತ್ತೆ. ಮುಂದಿನ ಸಲ ಮತ್ತೆ ಅದನ್ನೇ ಕೇಳುತ್ತೆ."

"ಸರ್ಕಾರ ಬರೀ ಒಳ್ಳೇದೇ ಹೇಳ್ಕೊಂಡ್ರೆ?"

"ಹೇಳ್ಕೊಳ್ಳೋದೇ ಹಾಗೆ!" ಟೀಚರ್ ನಕ್ಕರು. "ಅದಕ್ಕೇ ಸಮಿತಿ ನೆರಳು ವರದೀನೂ ಕೇಳುತ್ತೆ. ನೆರಳು ವರದಿ ಅಂದ್ರೆ..."

ಅಷ್ಟರಲ್ಲಿ ಬೆಲ್ ಹೊಡೆಯಿತು. ಮುಂದಿನದನ್ನು ಕೇಳಿಸಿಕೊಳ್ಳಲು ಮುಂದಿನ ಬೆಂಚಿನ ಕನ್ನಡಕ ಒಬ್ಬಳೇ ಉಳಿದಳು. ಸೈರನ್ ಆಗಲೇ ಬಾಗಿಲು ದಾಟಿದ್ದಳು. ಅಷ್ಟು ದೊಡ್ಡ ಸಂಸ್ಥೆಗೂ ನನ್ನ ತಮ್ಮನ ಥರ ಒಂದು ಬಾಲ ಇದೆಯಾ! ಅವಳಿಗೆ ತಡೆಯಲಾಗದಷ್ಟು ನಗು ಬಂತು.

ಹೀಗೆ ಬೀಗದ ಲೆಕ್ಕ ಕೇಳಲು ಎರಡನೇ ಮಹಡಿಯ ಮೆಟ್ಟಿಲ ಮೇಲೆ ಮಕ್ಕಳದೇ ಒಂದು ಸಮಿತಿ ಕೂತಿತ್ತು. ಕನ್ನಡಕ ಅಧ್ಯಕ್ಷೆ. ಕ್ಲಾಸಿನಲ್ಲಿ ನಿದ್ದೆ ಮಾಡುವ ಗೊರಕೆ ಸದಸ್ಯ. ಡಾಕ್ಟರನ್ನು ಬರಮಾಡಿಕೊಳ್ಳುವುದು ಕಷ್ಟವಾಗಲಿಲ್ಲ. "ನಿಮಗೆ ಅಂತ ಬೇರೆ ಕುರ್ಚಿ ಹಾಕಿರ್ತೀವಿ" ಅಂದಿದ್ದಳು ಸೈರನ್. ಕುರ್ಚಿ ಹಾಕುತ್ತೇವೆ ಅಂದರೆ ಯಾವ ಅಧ್ಯಕ್ಷರು ತಾನೇ ಬೇಡ ಅಂದಾರು?

ಡಾಕ್ಟರು ಕೂತು ಗಂಟಲು ಸರಿಮಾಡಿಕೊಂಡರು.

"ನಮ್ಮ ಕಟ್ಟಡದಲ್ಲಿ ಮಕ್ಕಳು ಬಹಳ ಸುಖವಾಗಿದ್ದಾರೆ. ಅವರಿಗಾಗಿ ವಿಶಾಲವಾದ ಅಂಗಳ ಇದೆ."

"ಅದಕ್ಕೆ ಬೀಗ ಇದೆ," ಅಂದ ಗೊರಕೆ, ಕಣ್ಣು ಮುಚ್ಚಿಕೊಂಡೇ.

"ಬೀಗವೂ ಒಳ್ಳೇದೇ. ತುಕ್ಕು ಹಿಡಿಯಲ್ಲ."

ಕನ್ನಡಕ ಚಮಚದಿಂದ ಲೋಟ ಬಾರಿಸಿದಳು. "ಸದ್ದು! ಈಗ ನೆರಳು ವರದಿ."

ಸೈರನ್ ತಮ್ಮನಿಗೆ ಕಣ್ಣು ಹೊಡೆದಳು. ಅವನು ಎದ್ದು ನಿಂತ. ಕನ್ನಡಕಳ ಹುಬ್ಬು ಮೇಲೇರಿತು.

"ಬೀಗ ಹಾಕಿದಾಗಿಂದ ನಾವೆಲ್ಲ ತುಂಬಾ ಅಳ್ತಿದ್ದೀವಿ," ಅಂತ ಒಂದೇ ಉಸಿರಿಗೆ ಒಪ್ಪಿಸಿದ. ಅಕ್ಕ ಹೇಳಿಕೊಟ್ಟದ್ದು ಅಷ್ಟೇ. ಆದರೆ ಅವನು ಕೂರಲಿಲ್ಲ. ತಲೆ ಕೆರೆದುಕೊಂಡು, "ನಾನು ಅಳ್ತಿಲ್ಲ," ಅಂದ.

"ಯಾಕೋ?" ಡಾಕ್ಟರು ಮುಂದಕ್ಕೆ ಬಾಗಿದರು.

"ನಂಗೆ ಮೊದ್ಲಿಂದಾನೂ ಬೀಗಾನೇ."

"ಯಾರು ಹಾಕಿದ್ದು?"

"ಅಕ್ಕ. ಆ ಬೀಗ ಕಾಣಲ್ಲ. ಬೇಲಿ ಕಂಬಿ ಆಚೆ ನಿಂತ್ಕೋ, ಬಾಲ್ ಬಂದ್ರೆ ಎತ್ತಿ ಕೊಡು ಅಂತಾಳೆ. ನಾನೂ ಆಡ್ತೀನಿ ಅಂದ್ರೆ, ನೀನು ಚಿಕ್ಕವನು, ಒದೆ ಬೀಳುತ್ತೆ, ನಿನ್ನ ಒಳ್ಳೇದಕ್ಕೇ ಕಣೋ ಹೇಳೋದು ಅಂತಾಳೆ."

ಡಾಕ್ಟರು ಕುರ್ಚಿ ಕಿರುಗುಟ್ಟುವಂತೆ ನಕ್ಕರು. "ಓಹೋಹೋ! ಹಾಗಾದ್ರೆ ಇಲ್ಲಿ ಎರಡು ಸರ್ಕಾರ ಇದೆ ಅನ್ನಿ!"

"ರದ್ದು! ಈ ವರದಿ ರದ್ದು!" ಅಂತ ಸೈರನ್ ಕೂಗಿದಳು.

ಮೇಲಿನ ಬಾಗಿಲು ದಡಾರನೆ ತೆರೆಯಿತು. "ಏನೇ ಅದು ನಿನ್ನ ಗಲಾಟೆ?" ಅಂದದ್ದು ಅಮ್ಮ.

"ಏನಿಲ್ಲಮ್ಮಾ, ವಿಶ್ವಸಂಸ್ಥೆ!" ಅಂದ ಗೊರಕೆ. ಬಾಗಿಲು ಮುಚ್ಚಿಕೊಂಡಿತು.

ಕನ್ನಡಕ ಸೈರನ್ ಕಿವಿಯಲ್ಲಿ ಪಿಸುಗುಟ್ಟಿದಳು. "ಲೇ ಪೆದ್ದಿ, ನೆರಳು ವರದಿ ಅಂದ್ರೆ ನಿನ್ನ ತಮ್ಮ ಓದೋದಲ್ಲ. ಸರ್ಕಾರ ಹೇಳದೆ ಬಿಟ್ಟಿರುತ್ತಲ್ಲ, ಅದನ್ನ ಜನ ಬಂದು ಹೇಳೋದು. ಸರ್ಕಾರದ ವರದಿ ಬೆನ್ನಿಗೇ ನೆರಳಿನ ಥರ ಬರುತ್ತೆ, ಅದಕ್ಕೆ ಆ ಹೆಸರು."

ಸೈರನ್‌ಗೆ ಹೋದ ಜೀವ ಬಂದಂತಾಯಿತು. "ನೋಡಿದ್ಯಾ! ಇದು ತಪ್ಪು ವರದಿ. ಲೆಕ್ಕಕ್ಕಿಲ್ಲ."

"ಅವನು ಹೇಳಿದ್ದು ಸುಳ್ಳಾ?"

ಸೈರನ್ ತಮ್ಮನ ಕಡೆ ತಿರುಗಿದಳು. ನೆರಳು ಅವಳನ್ನೇ ನೋಡುತ್ತಿದ್ದ. ಅವನ ಮುಖದಲ್ಲಿ ಸಿಟ್ಟೇನೂ ಇರಲಿಲ್ಲ. ಕೇಳಿದರು, ಹೇಳಿದೆ, ಅಷ್ಟೇ ಅನ್ನುವ ಹಾಗಿದ್ದ. ಇಷ್ಟು ದಿನ ಯಾರೂ ಕೇಳಿರಲಿಲ್ಲ.

"ಸುಳ್ಳಲ್ಲ," ಅಂದಳು ಸೈರನ್.

ಡಾಕ್ಟರ ನಗು ಅರ್ಧಕ್ಕೆ ನಿಂತಿತು. ಈಗ ಕನ್ನಡಕ ಅವರ ಕಡೆ ತಿರುಗಿದ್ದಳು. "ಡಾಕ್ಟರ್ ಅಂಕಲ್, ಈಗ ನಿಮ್ಮ ಸರದಿ. ಬೋರ್ಡಲ್ಲಿ ಎಲ್ಲರ ಹಿತ ಅಂತ ಇದೆಯಲ್ಲ, ಯಾರ ಹಿತ?"

"ಹೇಳದಿದ್ರೆ?"

"ನಾಳೆ ಕೇಳ್ತೀವಿ."

"ನಾಳೆಯೂ ಹೇಳದಿದ್ರೆ?"

"ನಾಳಿದ್ದು. ನಿಮ್ಮ ಕ್ಲಿನಿಕ್ ಹೊರಗೆ ಬೆಂಚ್ ಇದೆಯಲ್ಲ, ಅಲ್ಲಿ ಪೇಷೆಂಟ್‌ಗಳ ಪಕ್ಕ ಕೂತ್ಕೊಂಡು ಕೇಳ್ತೀವಿ. ಮೆತ್ತಗೇ ಕೇಳ್ತೀವಿ," ಅಂದಳು ಕನ್ನಡಕ ಬಹಳ ಮರ್ಯಾದೆಯಿಂದ.

ಡಾಕ್ಟರು ಬ್ಯಾಂಡೇಜಿನ ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. "ನಿಮ್ಮ ಕೈಗೆ ಸಿಗೋದಕ್ಕಿಂತ ಹಲ್ಲು ಕೀಳಿಸ್ಕೊಳ್ಳೋದೇ ವಾಸಿ! ಎಲ್ಲರ ಹಿತವಲ್ಲ, ಸರೀನಾ? ನನ್ನ ಬೆರಳಿನ ಹಿತ." ಆಮೇಲೆ ದನಿ ತಗ್ಗಿಸಿ, "ನಂಗೂ ನೋವಾಯ್ತಲ್ಲಮ್ಮ," ಅಂದರು.

ಅದೂ ಸುಳ್ಳಾಗಿರಲಿಲ್ಲ. "ಸಾರಿ ಅಂಕಲ್," ಅಂದಳು ಸೈರನ್. "ಪಾಪ, ಆ ಮೀಸೆಯವರಿಗೂ."

ಬಹಳ ಹೊತ್ತು ಚೌಕಾಸಿ ನಡೆಯಿತು. ಕೊನೆಗೆ ತೀರ್ಮಾನವಾಯಿತು: ಸಂಜೆ ಗೇಟು ತೆರೆಯಬೇಕು. ಕ್ಲಿನಿಕ್‌ನ ದೀಪ ಉರಿಯುತ್ತಿದ್ದರೆ ಗೋಲನ್ನು ಪಿಸುಮಾತಿನಲ್ಲೇ ಕೂಗಬೇಕು.

ಎರಡನೇ ಸರ್ಕಾರದ ವಿಷಯವನ್ನು ಯಾರೂ ಎತ್ತಲಿಲ್ಲ. ಸಮಿತಿಗೆ ಹಸಿವಾಗಿತ್ತು.

ಮರುದಿನ ಸಂಜೆ ಗೇಟು ತೆರೆಯಿತು. ಮಕ್ಕಳೆಲ್ಲ ನುಗ್ಗಿದರು. ನೆರಳು ಮಾತ್ರ ತನ್ನಷ್ಟಕ್ಕೆ ತಾನು ಕಂಬಿ ಬೇಲಿಯ ಆಚೆ ಹೋಗಿ ನಿಂತ. ಯಾರೂ ಹೋಗು ಅಂದಿರಲಿಲ್ಲ. ಅವನಿಗೆ ಅದೇ ಅಭ್ಯಾಸ.

ಸೈರನ್ ಬಾಲನ್ನು ಕಾಲಡಿಯಲ್ಲಿ ಒತ್ತಿ ಹಿಡಿದು ನಿಂತಳು. ಇಲ್ಲಿ ಲೋಟ ಬಾರಿಸುವವರಿಲ್ಲ, ಕೇಳುವವರೂ ಇಲ್ಲ. ಸುಮ್ಮನೆ ಒದ್ದಿದ್ದರೂ ನಡೆಯುತ್ತಿತ್ತು.

"ಏಯ್, ಒಳಗೆ ಬಾರೋ."

"ಬಾಲ್ ಬಂದ್ರೆ ಯಾರು ಎತ್ತಿ ಕೊಡ್ತಾರೆ?" ನೆರಳು ನಿಜವಾಗಿಯೂ ಗೊತ್ತಿಲ್ಲದೆ ಕೇಳಿದ.

"ಬಾರೋ ಅಂದ್ರೆ ಬಾ!"

ಅವನು ಬಂದ. ಬಾಲ್ ಕಾಲಿಗೆ ಸಿಕ್ಕಿದ ಮೊದಲ ಸಲವೇ ಇಡೀ ಮೈಯಿಂದ ಒದ್ದ. ಶೂ ಒಂದು ಕಡೆ ಹಾರಿತು, ಬಾಲ್ ಇನ್ನೊಂದು ಕಡೆ. ಬಾಲ್ ಬೇಲಿ ದಾಟಿ ಹೋಯಿತು. ಎಲ್ಲರೂ ಅವನ ಮುಖ ನೋಡಿದರು. ಒಂದೇ ಶೂನಲ್ಲಿ ಕುಂಟುತ್ತಾ ಅವನು ಗೇಟಿನ ಕಡೆ ಹೊರಟೇಬಿಟ್ಟಿದ್ದ.

"ನಿಂತ್ಕೋ. ನಾನು ತರ್ತೀನಿ," ಅಂದಳು ಸೈರನ್.

ಬೇಲಿಯ ಆಚೆ ನೆಲದಲ್ಲಿ, ಹುಲ್ಲು ಸವೆದು ಬೋಳಾದ ಒಂದು ಜಾಗವಿತ್ತು. ಎರಡು ಪುಟ್ಟ ಪಾದಗಳಿಗೆ ಸರಿಯಾಗುವಷ್ಟು. ಅವಳು ಬಾಲ್ ಎತ್ತಿಕೊಂಡು ಅಲ್ಲಿ ನಿಂತು ತಲೆಯೆತ್ತಿದಳು. ಅಂಗಳವನ್ನು ಅವಳು ಅಲ್ಲಿಂದ ಯಾವತ್ತೂ ನೋಡಿರಲಿಲ್ಲ. ಕಂಬಿಗಳು ಅದನ್ನು ಉದ್ದುದ್ದ ಚೂರು ಮಾಡಿದ್ದವು. ಒಂದು ಚೂರಿನಲ್ಲಿ ಗೊರಕೆ ಏನೋ ಹೇಳುತ್ತಿದ್ದ, ಪಕ್ಕದ ಚೂರಿನಲ್ಲಿ ಎಲ್ಲರೂ ನಗುತ್ತಿದ್ದರು. ಯಾಕೆ ಅಂತ ಇಲ್ಲಿಗೆ ಕೇಳಿಸುತ್ತಿರಲಿಲ್ಲ.

"ಸೈರನ್! ಬಾಲ್ ಕೊಡೇ!"

ನೆರಳು ಒಬ್ಬನೇ ಕಂಬಿಯ ಹತ್ತಿರ ಓಡಿ ಬಂದು ಒಳಗಿನಿಂದ ಮೂಗು ತೂರಿಸಿದ.

"ಅಕ್ಕಾ, ಅಲ್ಲಿಂದ ನಾವು ಕಾಣ್ತೀವಾ?"

"ಕಾಣ್ತೀರ ಕಣೋ," ಅಂದಳು ಅವಳು.

ಡಾಕ್ಟರ ಕಿಟಕಿ ಅಲ್ಲೇ ಪಕ್ಕದಲ್ಲಿತ್ತು, ದೀಪವೂ ಉರಿಯುತ್ತಿತ್ತು. ಆದರೆ ಸೈರನ್ ಅಷ್ಟು ಮೆತ್ತಗೆ ಹೇಳಿದ ಆ ಮಾತು ಒಳಗೆ ಯಾರಿಗೂ ಕೇಳಿಸಲಿಲ್ಲ.