ಮುನ್ನಳು

ಕೂಸು ಅಳಬೇಕೆಂದು ನಿರ್ಧರಿಸುವ ಮೊದಲೇ ತೊಟ್ಟಿಲು ತೂಗತೊಡಗಿತು.

ಮೊದಲು ಅದರ ಹಾಸಿಗೆ ತುಸು ಬೆಚ್ಚಗಾಯಿತು. ಆಮೇಲೆ ಬುಡದಿಂದ ಗುಂಯ್ ಎಂಬ ಮಂದವಾದ ಸದ್ದು ಹೊರಟಿತು. ಮುಖ ಕಿವುಚಿ, ಕೆಳತುಟಿ ಮುಂದೆ ಮಾಡಿ, ಇನ್ನೇನು ಕಿರುಚಬೇಕು ಎಂದು ಗಾಳಿ ಎಳೆದುಕೊಂಡಿದ್ದ ಕೂಸು, ಹೇಳಬೇಕೆಂದಿದ್ದ ಮಾತನ್ನೇ ಮರೆತವರ ಹಾಗೆ ಕಣ್ಣು ಪಿಳಿಪಿಳಿ ಬಿಟ್ಟು ಸುಮ್ಮನಾಯಿತು. ಪಕ್ಕದಲ್ಲಿ ನಿಂತಿದ್ದ ರೋಹಿಣಿ ಬಡಿಗೇರ ಎತ್ತಿಕೊಳ್ಳಲು ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಕೈಗೆ ಬೇರೆ ಕೆಲಸವಿಲ್ಲದ್ದರಿಂದ ಮಡಚಿಟ್ಟಿದ್ದ ದುಪ್ಪಟಿಯನ್ನೇ ಬಿಚ್ಚಿ ಮತ್ತೊಮ್ಮೆ ಮಡಚಿದಳು.

ಹುಬ್ಬಳ್ಳಿಗೂ ಧಾರವಾಡಕ್ಕೂ ನಡುವೆ ಒಂದಿಂಚು ಬಯಲೂ ಉಳಿಯದೆ ಎರಡೂ ಒಂದೇ ಊರಾಗಿ ಹೋಗಿದ್ದ ಕಾಲವದು. ರೋಹಿಣಿ ವೃತ್ತಿಯಿಂದ ನವಜಾತ ಶಿಶುಪಾಲನಾ ತಜ್ಞೆ. ಹೆರಿಗೆಯಾದ ಮನೆಗೆ ಹೋಗಿ, ಕೂಸಿಗೆ ಕತ್ತು ನಿಲ್ಲುವ ತನಕ ಅಲ್ಲೇ ಇದ್ದು, ಎಣ್ಣೆ-ನೀರು, ಹಾಲು, ನಿದ್ದೆ ಎಲ್ಲವನ್ನೂ ನೋಡಿಕೊಂಡು ಮುಂದಿನ ಮನೆಗೆ ನಡೆಯುವುದು ಆಕೆಯ ಕೆಲಸ. ಹಿಂದೆ ಇದನ್ನು ಬಾಣಂತನ ಎನ್ನುತ್ತಿದ್ದರು. ಯಾರಾದರೂ ಈಗಲೂ ಹಾಗೆಂದರೆ ರೋಹಿಣಿಗೆ ಮೂಗಿನ ಮೇಲೆ ಸಿಟ್ಟು. ಶಿಶುಶರೀರ ವಿಜ್ಞಾನ ಓದಿ ಪದವಿ ಪಡೆದವಳನ್ನು ಬಾಣಂತನದವಳು ಎಂದರೆ ಹೇಗೆ? ಆಕೆಯ ಒಪ್ಪಂದದ ತುಂಬ ಕೂಸಿನ ಮಾತೇ ಇರುತ್ತಿತ್ತು. ತಾಯಿಯ ಹೆಸರು ಬರುತ್ತಿದ್ದದ್ದು ಸಹಿ ಹಾಕುವ ಜಾಗದಲ್ಲಿ ಮಾತ್ರ.

ಈ ಮನೆಗೆ ತೊಟ್ಟಿಲು ತರಿಸಿದ್ದೂ ರೋಹಿಣಿಯೇ. ಅದರೊಳಗಿನ ಉಪಕರಣಕ್ಕೆ ಉಸಿರುಗ್ರಾಹಕ ಎಂದು ಹೆಸರು. ಕೂಸು ಅಳುವ ಮೊದಲು ಅದರ ಉಸಿರು ಒಂದು ಬಗೆಯಲ್ಲಿ ತೊಡರುತ್ತದೆ. ಎದೆ ಗಾಳಿಯನ್ನು ಸಣ್ಣ ಸಣ್ಣ ತುಂಡುಗಳಾಗಿ ಒಳಗೆಳೆದು ಹಿಡಿದಿಟ್ಟುಕೊಳ್ಳುತ್ತದೆ, ಗುಂಡಿಗೆ ಓಟ ಕೀಳುತ್ತದೆ, ಗಂಟಲು ನಡುಗುತ್ತದೆ. ಕಣ್ಣಿಗೆ ಕಾಣದ ರೇಡಿಯೋ ಅಲೆಗಳಿಂದ ಈ ಚಹರೆಯನ್ನು ಗುರುತಿಸುವುದೇ ಉಸಿರುಗ್ರಾಹಕದ ಕೆಲಸ. ಅಳುವಿಗೆ ಮುಂಚಿನ ಆ ಸ್ಥಿತಿಗೆ ತಜ್ಞರು ಪೂರ್ವರೋದನ ಎಂದು ಗಂಭೀರವಾದ ಹೆಸರಿಟ್ಟಿದ್ದರು. ಜನ ಅದನ್ನು ಮುನ್ನಳು ಎಂದರು, ಅದೇ ನಿಂತಿತು. ಕೂಸು ತೊಟ್ಟಿಲಿನಲ್ಲೇ ಇರಬೇಕೆಂದೂ ಇರಲಿಲ್ಲ, ಅದೇ ಕೋಣೆಯಲ್ಲಿದ್ದರೆ ಸಾಕಿತ್ತು. ಮಂಚದ ಮೇಲೆ ತಾಯಿಯ ಮಗ್ಗುಲಲ್ಲಿದ್ದು ಮುನ್ನಳು ತೋರಿದರೂ ತೊಟ್ಟಿಲು ಬೆಚ್ಚಗಾಗಿ, ತೂಗಿ, ಇಲ್ಲಿ ತಂದು ಹಾಕಿ ಎಂದು ಸೂಚಿಸುತ್ತಿತ್ತು.

ಹೀಗಾಗಿ ಆ ಮನೆಯಲ್ಲಿ ಕೂಸು ಅತ್ತದ್ದನ್ನು ಕೇಳಿದವರೇ ಇರಲಿಲ್ಲ. ಮನೆಯ ಹಿರಿಯರಾದ ಅಂಬುಜಾಬಾಯಿ, ಅಂದರೆ ಬಾಣಂತಿಯ ತಾಯಿ, ಬಂದವರಿಗೆಲ್ಲ "ಬಂಗಾರದಂಥಾ ಕೂಸು, ಸದ್ದ ಇಲ್ಲ" ಎಂದು ಹೇಳಿ ಹೇಳಿ ದೃಷ್ಟಿ ತೆಗೆಯುತ್ತಿದ್ದರು. ಮಗಳು ವೈಜಯಂತಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದವಳು. ಗಂಡ ಬೆಳಗಾವಿಯಿಂದ ರವಿವಾರ ಬಂದು ಕೂಸಿನ ಫೋಟೋ ಹಿಡಿದುಕೊಂಡು ಹೋಗುತ್ತಿದ್ದ. ವೈಜಯಂತಿ ದಿನವಿಡೀ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದಳು. ಎದೆಹಾಲು ಕಡಿಮೆಯಾಗಿತ್ತು, ರೋಹಿಣಿ ಬಾಟಲಿ ಹಿಡಿದಳು. ಬಾಣಂತಿಗೆಂದು ಕಟ್ಟಿದ ಅಂಟಿನ ಉಂಡಿಯ ತಟ್ಟೆ ಹಾಗೇ ಮರಳಿ ಅಡಿಗೆಮನೆಗೆ ಹೋಗುತ್ತಿತ್ತು. ಒಮ್ಮೆ ಮಾತ್ರ ಆಕೆ, "ರೋಹಿಣಿ ಅವರ, ನಾ ಏನ ಮಾಡ್ಲಿ?" ಎಂದು ಕೇಳಿದ್ದಳು. "ನೀವೇನೂ ಮಾಡಬ್ಯಾಡ್ರಿ, ಆರಾಮ ಮಲಕೊಳ್ರಿ. ನಾ ಇದ್ದೇನಲ್ಲ" ಎಂದು ರೋಹಿಣಿ ನಕ್ಕಿದ್ದಳು. ಎಂಥ ಹೆಮ್ಮೆಯಿಂದ ಹೇಳಿದ್ದಳು ಆ ಮಾತನ್ನು!

ಒಂದು ಬೆಳಿಗ್ಗೆ ರೋಹಿಣಿ ಬಚ್ಚಲಲ್ಲಿ ಕಾಲು ಚಾಚಿ ಕುಳಿತು, ಕೂಸನ್ನು ಕಾಲ ಮೇಲೆ ಬೋರಲು ಹಾಕಿಕೊಂಡು ನೀರು ಹಾಕುತ್ತಿದ್ದಾಗ ಕೋಣೆಯಿಂದ ಅಂಬುಜಾಬಾಯಿಯ ಚೀರಾಟ ಕೇಳಿಸಿತು. ಕೂಸನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಓಡಿದಳು.

ತೊಟ್ಟಿಲು ತೂಗುತ್ತಿತ್ತು. ಅದರೊಳಗೆ ಯಾರೂ ಇರಲಿಲ್ಲ.

"ಹಿಡೀರಿ ಅದನ್ನ, ಮೊದಲ ಹಿಡೀರಿ!" ಅಂಬುಜಾಬಾಯಿ ತಾವೇ ಎರಡೂ ಕೈಯಿಂದ ಅಂಚು ಹಿಡಿದು ನಿಲ್ಲಿಸಿದರು. "ಖಾಲಿ ತೊಟ್ಟಲಾ ತೂಗಬಾರದು ಅಂತ ಸಣ್ಣ ಹುಡುಗರಿಗೂ ಗೊತ್ತದ. ಕೂಸಿಗೆ ಒಳ್ಳೇದಲ್ಲ. ನಿಮ್ಮ ಮಷೀನಿಗೆ ಅಷ್ಟೂ ಗೊತ್ತಿಲ್ಲೇನು?"

"ಏನೋ ಸಣ್ಣ ದೋಷ ಇರಬೇಕ್ರೀ ಅಮ್ಮಾರ. ಬಂದ್ ಮಾಡಿ ಚಾಲೂ ಮಾಡಿದ್ರ ಸರಿ ಆಗತೈತಿ," ಎಂದಳು ರೋಹಿಣಿ. ಸರಿಯಾಗಲಿಲ್ಲ. ಕೂಸನ್ನು ಎಳೆಬಿಸಿಲಿಗೆ ಹಿತ್ತಲಿಗೆ ಒಯ್ದಾಗ ತೂಗಿತು, ನೋಡಲು ಬಂದವರ ಮಡಿಲಿಗೆ ಪಡಸಾಲೆಯಲ್ಲಿ ಕೊಟ್ಟಾಗ ತೂಗಿತು. ಅಂಬುಜಾಬಾಯಿ ಕೂಸಿಗೆ ಕರಿದಾರ ಕಟ್ಟಿದರು, ಕೊನೆಗೆ ತೊಟ್ಟಿಲನ್ನೂ ಅದನ್ನು ತರಿಸಿದವಳನ್ನೂ ಒಟ್ಟಿಗೆ ಕಳಿಸುವುದಾಗಿ ಹೇಳಿದರು. ರೋಹಿಣಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಇಷ್ಟು ಮನೆಗಳಲ್ಲಿ ಗಳಿಸಿದ ಹೆಸರು ಒಂದು ಖಾಲಿ ತೊಟ್ಟಿಲಿನಿಂದ ಹಾಳಾಗುವುದೇ? ಅದನ್ನು ರೂಪಿಸಿದ ವಿಜ್ಞಾನಿಗೇ ಫೋನು ಮಾಡಿದಳು.

ಡಾಕ್ಟರ್ ಪ್ರಾಣೇಶ ಗಲಗಲಿ ಚಾಲಕನಿಲ್ಲದ ಟಂಟಂ ರಿಕ್ಷಾದಲ್ಲಿ ಬಂದಿಳಿದರು. ಕುಳ್ಳಗೆ, ಗಡಿಬಿಡಿಯ ಮನುಷ್ಯ. ಚಪ್ಪಲಿ ಬಿಡುವಾಗಲೇ ಮಾತು ಶುರು ಮಾಡಿಕೊಂಡಿದ್ದರು.

"ಹೆದರೂದು ಏನೂ ಇಲ್ಲ ಅಮ್ಮ. ಇದು ಭೂತಾನೂ ಅಲ್ಲ, ದೆವ್ವಾನೂ ಅಲ್ಲ. ಬ್ಯಾರೆ ಕಡೆನೂ ಹಿಂಗ ಆಗೇದ."

ತೊಟ್ಟಿಲನ್ನು ಪಡಸಾಲೆಗೆ ಸರಿಸಿದರು. ಅದು ಅಲುಗಲಿಲ್ಲ. ಕೂಸನ್ನು ರೋಹಿಣಿಯ ಕೈಯಲ್ಲಿ ಪಡಸಾಲೆಯಲ್ಲೇ ಬಿಟ್ಟು, ತೊಟ್ಟಿಲನ್ನು ಮತ್ತೆ ಬಾಣಂತಿ ಕೋಣೆಗೆ ತಂದರು. ಸ್ವಲ್ಪ ಹೊತ್ತಿಗೆ ಹಾಸಿಗೆ ಬೆಚ್ಚಗಾಗಿ ಗುಂಯ್ ಸದ್ದು ಹೊರಟಿತು. ಗಲಗಲಿ ಖುಷಿಯಿಂದ ತಲೆಯಾಡಿಸಿದರು.

"ಗೊತ್ತಾತು. ನಮ್ಮ ಉಸಿರುಗ್ರಾಹಕ ಉಸಿರಿನ ಚಹರಾ ನೋಡತದ, ಗಾತ್ರ ನೋಡಂಗಿಲ್ಲ. ದಿನಾ ತುಂಬದ ಹುಟ್ಟಿದ ಕೂಸಿಗೂ ದಪ್ಪನ್ನ ಕೂಸಿಗೂ ಒಂದ ನಮೂನಿ ನಡೀಲಿ ಅಂತ ಹಂಗ ಮಾಡಿದ್ವಿ. ಅದಕ್ಕ ಒಮ್ಮೊಮ್ಮೆ ದೊಡ್ಡವರ ಉಸಿರು ಅಡ್ಡ ಬರತದ. ಈಗ ಒಂದು ತಿದ್ದುಪಡಿ ಹಾಕತೀನಿ. ಕೂಸಿಗಿಂತ ದೊಡ್ಡ ಎದಿ ಕಂಡ್ರ ಲೆಕ್ಕಕ್ಕ ಹಿಡಿಯಂಗಿಲ್ಲ."

ಆಗ ವೈಜಯಂತಿ ಗೋಡೆಯಿಂದ ಮುಖ ತಿರುಗಿಸಿದಳು. "ತೂಗಿದರ ಏನಾಗತದ? ಇರಲಿ ಬಿಡ್ರಿ," ಎಂದಳು.

"ನೀ ಸುಮ್ಮನಿರು, ನಿನಗೇನ ತಿಳೀತದ," ಎಂದರು ಅಂಬುಜಾಬಾಯಿ. ಗಲಗಲಿ ಆಗಲೇ ತಿದ್ದುಪಡಿ ಹಾಕಿ ಮುಗಿಸಿದ್ದರು. ತೂಗುತ್ತಿದ್ದ ತೊಟ್ಟಿಲು ನಡುವೆಯೇ ನಿಂತುಬಿಟ್ಟಿತು. ಎಲ್ಲರಿಗೂ ಸಮಾಧಾನವಾಯಿತು. ಅಂಬುಜಾಬಾಯಿ ವಿಜ್ಞಾನಿಗೆ ಎರಡು ಅಂಟಿನ ಉಂಡಿ ಕೊಟ್ಟು, ಒಂದು ಲೋಟ ಹಾಲು ಕುಡಿಸಿ ಕಳಿಸಿದರು.

ರೋಹಿಣಿಗೆ ಮಾತ್ರ ಸಮಾಧಾನವಾಗಲಿಲ್ಲ. ಕೆಲಸ ಉಳಿಯಿತು, ಹೆಸರೂ ಉಳಿಯಿತು, ಇನ್ನೇನು ಬೇಕು? ಬಾಟಲಿ ತೊಳೆದಳು. ತೊಳೆದ ಬಾಟಲಿಯನ್ನೇ ಮತ್ತೆ ತೊಳೆದಳು. ದೊಡ್ಡವರ ಉಸಿರು ಅಡ್ಡ ಬರುತ್ತದೆ ಎಂದಿದ್ದರು ಗಲಗಲಿ. ಯಾವ ದೊಡ್ಡವರು? ಅಂಬುಜಾಬಾಯಿ ಚೀರುತ್ತ ಓಡಿ ಬಂದದ್ದು ತೊಟ್ಟಿಲು ತೂಗಿದ ಮೇಲೆ. ತಾನು ಆಗ ಇದ್ದದ್ದು ಬಚ್ಚಲಲ್ಲಿ. ಆ ಕೋಣೆಯಲ್ಲಿ ಇದ್ದವಳು ಒಬ್ಬಳೇ. ಮತ್ತೆ ಆ ಉಸಿರಿನ ಚಹರೆ ಎಂಥದ್ದು? ಬಾಟಲಿಯನ್ನು ತೊಟ್ಟಿಯಲ್ಲೇ ಬಿಟ್ಟಳು.

ಕೂಸನ್ನು ಅಜ್ಜಿಯ ಕೈಗೆ ಕೊಟ್ಟು ಕೋಣೆಗೆ ಹೋದಳು. ಬರಿಗೈಯಲ್ಲಿ ಆಕೆ ಆ ಕೋಣೆಗೆ ಹೋದದ್ದು ಅದೇ ಮೊದಲು. ಏನು ಕೇಳಬೇಕೆಂದೂ ತಿಳಿಯದೆ ಮಂಚದ ಅಂಚಿಗೆ ಕುಳಿತು, "ವೈಜಯಂತಿ ಅವರ, ಎಚ್ಚರ ಅದೀರೇನ್ರಿ?" ಎಂದಳು.

ಆಕೆ ತಿರುಗಲಿಲ್ಲ. ಗೋಡೆಗೇ ಹೇಳಿದಂತೆ ಹೇಳಿದಳು: "ಅದೊಂದು ನನ್ನ ಸಲುವಾಗಿ ತೂಗತಿತ್ತು. ಅದನ್ನೂ ಬಂದ್ ಮಾಡಿಸಿದ್ರಿ."

ರೋಹಿಣಿ ಇನ್ನಷ್ಟು ಹತ್ತಿರ ಸರಿದಳು. ಬಗ್ಗಿ ನೋಡಿದಳು. ವೈಜಯಂತಿಯ ಕಣ್ಣಲ್ಲಿ ನೀರಿರಲಿಲ್ಲ. ತುಟಿ ಬಿಗಿದಿತ್ತು. ಎದೆ ಸಣ್ಣ ಸಣ್ಣ ತುಂಡುಗಳಾಗಿ ಗಾಳಿ ಎಳೆದು ಹಿಡಿದುಕೊಳ್ಳುತ್ತಿತ್ತು. ಇಷ್ಟು ವರ್ಷ ಕೂಸುಗಳಲ್ಲಿ ನೋಡುತ್ತ ಬಂದದ್ದನ್ನು ಈಗ ತಾಯಿಯಲ್ಲಿ ನೋಡಿದಳು.

"ನಿನ್ನೆ ನೀವೆಲ್ಲಾ ಹಿತ್ತಲದಾಗ ಇದ್ರಿ," ಎಂದಳು ವೈಜಯಂತಿ. "ನಾ ಮಾಳಿಗಿ ಹತ್ತಿ ತುದೀಗೆ ನಿಂತಿದ್ದೆ. ಕೂಸು ಅತ್ತರ ಇಳದು ಹೋಗೋಣ ಅಂತ ಕಾದೆ. ಅಳಲೇ ಇಲ್ಲ. ಅದಕ್ಕ ನಾ ಬೇಕಾಗೇ ಇಲ್ಲ, ಹೌದಿಲ್ಲೋ? ಆಮ್ಯಾಲ ಕಾಲ ನೋಯಲಿಕ್ಕೆ ಹತ್ತಿದ್ವು, ಇಳದ ಬಂದೆ. ಮಲಗಿದ ಕೂಡಲೇ ತೊಟ್ಟಲಾ ತೂಗಿತು. ಯಾರೋ ಒಬ್ಬರು ಕೇಳಿಸಿಕೊಂಡಂಗ ಆತು."

ರೋಹಿಣಿ ಆಕೆಯ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು. "ಅಮ್ಮಾರ! ಅಮ್ಮಾರ, ಲಗೂನ ಬರ್ರಿ!" ಎಂದು ಕೂಗಿದ ಧ್ವನಿಗೆ ಅಂಬುಜಾಬಾಯಿ ಕೂಸನ್ನು ಎತ್ತಿಕೊಂಡೇ ಓಡಿ ಬಂದರು. ಮಗಳು ಹೇಳಿದ್ದನ್ನು ರೋಹಿಣಿ ಮುಚ್ಚುಮರೆಯಿಲ್ಲದೆ ಹೇಳಿದಳು. ಆ ಹಿರಿಯ ಜೀವ ಕೂಸನ್ನು ಮಂಚದ ಮೇಲೆ ಮಲಗಿಸಿ ಮಗಳ ಪಕ್ಕ ಕುಳಿತಿತು. ಮೊಮ್ಮಗನಿಗೆ ದಾರ ಕಟ್ಟಿದವರಿಗೆ ಮಗಳ ಮುಖ ನೋಡಲು ನೆನಪಾಗಿರಲಿಲ್ಲ. ಅದನ್ನು ಹೇಳಿಕೊಂಡು ಅವರು ಗಟ್ಟಿಯಾಗಿ ಅತ್ತರು. ತಾಯಿ ಅತ್ತದ್ದನ್ನು ನೋಡಿ ಮಗಳ ಗಂಟಲು ಬಿಚ್ಚಿತು. ಅಷ್ಟು ದಿನ ತಡೆದಿಟ್ಟಿದ್ದ ಅಳು ಓಣಿಗೆ ಕೇಳುವಷ್ಟು ಜೋರಾಗಿ ಬಂತು. ರೋಹಿಣಿ ಒಂದು ಕೈಯಿಂದ ಆಕೆಯನ್ನು ಹಿಡಿದುಕೊಂಡೇ ಇನ್ನೊಂದರಿಂದ ಹತ್ತಿರದ ಮನೋವೈದ್ಯೆಗೆ ಫೋನು ಮಾಡಿದಳು. ಆಮೇಲೆ ಗಲಗಲಿಗೆ.

ಗಲಗಲಿ ಇನ್ನೂ ದಾರಿಯಲ್ಲಿದ್ದರು. ಟಂಟಂ ತಿರುಗಿಸಿಕೊಂಡು ಬಂದಾಗ ವೈದ್ಯೆ ಒಳಗೆ ವೈಜಯಂತಿಯ ಹತ್ತಿರ ಕುಳಿತಿದ್ದರು. ಪಡಸಾಲೆಯಲ್ಲಿ ರೋಹಿಣಿ ನಡೆದದ್ದನ್ನು ಹೇಳಿದಳು. ವಿಜ್ಞಾನಿ ನೆಲದ ಮೇಲೆ ಕುಳಿತುಬಿಟ್ಟರು.

"ಮುನ್ನಳು ಅಂದ್ರ ಒಂದು ಕ್ಷಣದ ಮಾತು," ಎಂದರು. "ಕೂಸು ಅದನ್ನ ದಾಟಿ ಅತ್ತುಬಿಡತದ. ದೊಡ್ಡವರು ದಾಟಂಗಿಲ್ಲ. ಅಲ್ಲೇ ನಿಂತುಬಿಡತಾರ, ದಿನಗಟ್ಟಲೆ. ನಾವು ಹಿಡಿದಿದ್ದು ಅಳು ಅಲ್ಲ ರೋಹಿಣಿ ಅವರ, ತಡಕೊಂಡ ಅಳು. ಮಷೀನ್ ಸರಿಯಾಗೇ ಓದಿತ್ತು. ನಾನ ಅದಕ್ಕ ತಪ್ಪು ಅಂದೆ."

"ಬ್ಯಾರೆ ಕಡೆನೂ ಹಿಂಗ ಆಗೇದ ಅಂದ್ರಿ. ಎಷ್ಟ ಮನಿಯೊಳಗ?"

ಗಲಗಲಿ ತಲೆ ಎತ್ತಲಿಲ್ಲ. "ಭಾಳ. ದೂರು ಬಂದ ಮನಿಗೆಲ್ಲಾ ತಿದ್ದುಪಡಿ ಹಾಕೇವಿ. ಆಮ್ಯಾಲ ಒಬ್ಬರೂ ದೂರಲಿಲ್ಲ. ನಾವು ಆಫೀಸಿನಾಗ ಪೇಢೆ ಹಂಚಿದ್ವಿ."

ರೋಹಿಣಿಗೆ ಕೂರಲಾಗಲಿಲ್ಲ. ತೂಗಿ ತೂಗಿ ಕೂಗಿ ಕರೆದ ತೊಟ್ಟಿಲುಗಳನ್ನೆಲ್ಲ ಇವರು ಒಂದೊಂದಾಗಿ ಬಾಯಿ ಮುಚ್ಚಿಸಿದ್ದರು. ಆ ಮನೆಗಳಲ್ಲಿ ಈಗ ಎಲ್ಲವೂ ಸರಿಯಾಗಿದೆ ಎಂದು ಎಲ್ಲರೂ ನಂಬಿದ್ದಾರೆ.

"ತಿದ್ದುಪಡಿ ತೆಗೀರಿ," ಎಂದಳು. "ಮೊದಲ ಈ ಮನೀದು. ಆಮ್ಯಾಲ ಎಲ್ಲಾರದೂ. ಆದ್ರ ತೊಟ್ಟಲಾ ತೂಗಿದ್ರ ಜನ ಮತ್ತ ಹೆದರ್ತಾರ, ಮೂಲಿಗೆ ಎತ್ತಿ ಇಡ್ತಾರ. ಯಾಕ ತೂಗತೈತಿ ಅಂತ ನಾವ ಹೇಳಬೇಕು. ಆ ಮನಿಗಳ ನಂಬರ್ ಕೊಡ್ರಿ."

ಅಂದೇ ಅಂಬುಜಾಬಾಯಿ ಅಟ್ಟದಿಂದ ಹಳೆಯ ಕಲಘಟಗಿ ತೊಟ್ಟಿಲನ್ನು ಇಳಿಸಿದರು. ವೈಜಯಂತಿಯನ್ನು ತೂಗಿದ್ದ ತೊಟ್ಟಿಲದು. ಅದರ ಮರದ ಮೇಲೆ ಬರೆದಿದ್ದ ಬಣ್ಣದ ಗಿಳಿಗಳಲ್ಲಿ ಅರ್ಧ ಅಳಿಸಿಹೋಗಿದ್ದವು. ಆ ತೊಟ್ಟಿಲಿಗೆ ಉಸಿರು ಓದಲು ಬರುತ್ತಿರಲಿಲ್ಲ. ಅದರಲ್ಲಿ ಮಲಗಿದ ಕೂಸು ಮೊದಲ ಸಲ ಮುನ್ನಳುವನ್ನು ದಾಟಿ, ಮುಖ ಕೆಂಪಗೆ ಮಾಡಿಕೊಂಡು, ಮನೆಯೇ ಹಾರಿಹೋಗುವಂತೆ ಅತ್ತಿತು. ವೈಜಯಂತಿ ಎದ್ದು ಕುಳಿತಳು. ಹಾಲು ಇಳಿದು ಎದೆ ಒದ್ದೆಯಾದದ್ದು ಆಕೆಗೆ ಆಮೇಲೆ ಗೊತ್ತಾಯಿತು. ಅಷ್ಟಕ್ಕೇ ಎಲ್ಲ ಸರಿಹೋಗಲಿಲ್ಲ. ಗುಳಿಗೆ, ವೈದ್ಯೆಯ ಭೇಟಿ, ಕೆಟ್ಟ ದಿನ, ಒಳ್ಳೆಯ ದಿನ ಎಲ್ಲ ಬಹಳ ಕಾಲ ನಡೆದವು. ಉಸಿರುಗ್ರಾಹಕದ ತೊಟ್ಟಿಲು ಆಕೆಯ ಮಂಚದ ಪಕ್ಕದಲ್ಲೇ ಉಳಿಯಿತು. ಅದು ಖಾಲಿ ತೂಗಿತೆಂದರೆ ಅಂಬುಜಾಬಾಯಿ ಒಲೆಯ ಮೇಲಿನದನ್ನು ಹಾಗೇ ಬಿಟ್ಟು ಓಡಿ ಬರುತ್ತಿದ್ದರು. ಅದನ್ನು ಹಿಡಿದು ನಿಲ್ಲಿಸಲಲ್ಲ, ಮಗಳ ತಲೆಯನ್ನು ತೊಡೆಯ ಮೇಲೆ ಎತ್ತಿಟ್ಟುಕೊಳ್ಳಲು.

ತಿದ್ದುಪಡಿ ತೆಗೆದ ದಿನ ಮಧ್ಯಾಹ್ನವೇ ಗಲಗಲಿ ಪಡಸಾಲೆಯ ಒಂದು ಮೂಲೆಯಲ್ಲಿ, ರೋಹಿಣಿ ಇನ್ನೊಂದು ಮೂಲೆಯಲ್ಲಿ ಫೋನು ಹಿಡಿದು ನಿಂತರು. ರೋಹಿಣಿ ಮೊದಲ ಮನೆಗೆ ಹಚ್ಚಿದಳು. ಎತ್ತಿಕೊಂಡದ್ದು ಒಬ್ಬ ಗಂಡಸು.

"ತೊಟ್ಟಲಾ ಕಂಪನಿಯವರೇನ್ರಿ? ಈಗ ಫಸ್ಟ್ ಕ್ಲಾಸ್ ಐತ್ರಿ, ಒಟ್ಟ ತೂಗಂಗಿಲ್ಲ. ಕೂಸೂ ಆರಾಮ ಐತಿ."

"ಕೂಸಿನ ಸಲುವಾಗಿ ಅಲ್ಲರಿ ಅಣ್ಣಾರ," ಎಂದಳು ರೋಹಿಣಿ. "ನಾ ಬಾಣಂತನದಾಕಿ ಮಾತಾಡಾಕತ್ತೇನಿ. ಬಾಣಂತಿ ಹೆಂಗದಾಳ?"

ಆ ಪ್ರಶ್ನೆಯನ್ನು ಅವನಿಗೆ ಅದುವರೆಗೆ ಯಾರೂ ಕೇಳಿರಲಿಕ್ಕಿಲ್ಲ.

"ಅಕಿನೂ ಆರಾಮ ಅದಾಳ್ರಿ. ಏನೂ ತಕರಾರಿಲ್ಲ. ಗ್ವಾಡಿ ಕಡೆ ಮಾರಿ ಮಾಡಿ ಮಲಗಿರ್ತಾಳ, ಅಷ್ಟ."

ರೋಹಿಣಿ ಆಗಲೇ ಚಪ್ಪಲಿ ಮೆಟ್ಟುತ್ತಿದ್ದಳು. "ಅಕಿ ಹತ್ರ ಹೋಗಿ ಕೂಡ್ರಿ ಅಣ್ಣಾರ, ನಾ ಬರೂತನಕ ಏಳಬ್ಯಾಡ್ರಿ," ಎಂದಳು. "ನಿಮ್ಮ ಮನಿ ಎಲ್ಲಿ ಬರತೈತಿ, ಹೇಳ್ರಿ."