ಸಾಹೇಬನ ಹೊಟ್ಟೆ

ಬಾಗಿಲು ತೆರೆದು ಒಳಬಂದವನೂ, ಹೊರಡಲು ನಿಂತಿದ್ದವಳೂ ಒಮ್ಮೆಲೇ ಬೆಚ್ಚಿದರು!

ಗಂಡ ಹೆಂಡತಿಯೇ. ಆದರೆ ಮನಸಾರೆ ಮುಖ ನೋಡಿಕೊಂಡು ಎಷ್ಟು ಕಾಲವಾಗಿತ್ತೋ... ಅವಳು ಆಸ್ಪತ್ರೆಯ ಹಗಲು ಪಾಳಿಯ ನರ್ಸ್. ಅವನು ಬ್ರೆಡ್ ಕಾರ್ಖಾನೆಯ ರಾತ್ರಿ ಪಾಳಿಯ ಮೆಕ್ಯಾನಿಕ್. ಒಬ್ಬರು ಮನೆಗೆ ಬರುವಷ್ಟರಲ್ಲಿ ಇನ್ನೊಬ್ಬರು ಹೊರಟಾಗಿರುತ್ತಿತ್ತು.

ಇಂದು ಬೆಳಿಗ್ಗೆ ಅವಳು ಕೆಲಸಕ್ಕೆ ಹೋಗಿರಲಿಲ್ಲ. ಕೈಯಲ್ಲಿ ಬಟ್ಟೆಯ ಬ್ಯಾಗಿತ್ತು.

"ಎಲ್ಲಿಗೆ?"

"ಅಕ್ಕನ ಮನೆಗೆ. ವಾಪಸ್ ಬರ್ತೀನೋ ಇಲ್ವೋ ಗೊತ್ತಿಲ್ಲ. ಸುಸ್ತಾಗಿದೆ ರೀ... ಈ ಮನೇಲಿ ಒಬ್ಬಳೇ ಇದ್ದು ಸುಸ್ತಾಗಿದೆ."

ಅವನು ಬ್ಯಾಗಿಗೆ ಕೈ ಚಾಚಿದ; ಅವಳು ಅಡುಗೆಮನೆಯತ್ತ ಬೆರಳು ತೋರಿಸಿದಳು.

"ಮೊದಲು ಸಾಹೇಬನ್ನ ನೋಡಿ!"

ಅಡುಗೆಮನೆಯ ಕಟ್ಟೆಯ ಮೇಲಿನ ಗಾಜಿನ ತೊಟ್ಟಿಯಲ್ಲಿ ಅವರು ಸಾಕಿದ್ದ ನೀಲಿ 'ಬೆಟ್ಟಾ' ಮೀನು ಓರೆಯಾಗಿ ತೇಲುತ್ತಿತ್ತು. ರೆಕ್ಕೆ ಹರಡಿ ಜಂಭದಿಂದ ತಿರುಗುತ್ತಿದ್ದ ಸಾಹೇಬನ ಹೊಟ್ಟೆ ಉಬ್ಬಿಕೊಂಡಿತ್ತು.

"ಏನು ಹಾಕಿದ್ರಿ? ನಿಮ್ಮ ಕಾರ್ಖಾನೆ ಬ್ರೆಡ್ಡಾ?"

"ನನಗೇನು ಹುಚ್ಚಾ? ಅದರ ಹೊಟ್ಟೆ ಅದರ ಕಣ್ಣಿನಷ್ಟೇ ಇರುತ್ತೆ, ದಿನಕ್ಕೊಂದೇ ಸಲ, ಮೀನಿನ ಕಾಳು ನೆನೆಸಿ ಹಾಕಬೇಕು ಅಂತ ನೀನೇ ಹೇಳಿದ್ದೆಯಲ್ಲ. ಬೆಳಿಗ್ಗೆ ಬಂದ ತಕ್ಷಣ ಹಾಗೇ ಹಾಕ್ತೀನಿ."

ಅವಳು ತೊಟ್ಟಿಯಿಂದ ತಟ್ಟನೆ ತಲೆಯೆತ್ತಿದಳು.

"ದಿನಾ ಹಾಕ್ತೀರಾ? ಅಯ್ಯೋ... ಸಂಜೆ ಬಂದು ನಾನೂ ದಿನಾ ಹಾಕ್ತೀನಲ್ರೀ!"

ಅಳೆದು ತೂಗಿ, ಒಂದು ಕಾಳೂ ಹೆಚ್ಚಾಗದಂತೆ ಇಬ್ಬರೂ ಸರಿಯಾಗಿಯೇ ಹಾಕಿದ್ದರು. ಸಾಯುವ ಸ್ಥಿತಿಗೆ ಬಂದದ್ದು ಮಾತ್ರ ಮೂಕಪ್ರಾಣಿ.

"ನನಗೆ ಯಾಕೆ ಹೇಳಲಿಲ್ಲ ರೀ?"

"ಹೇಳೋಕೆ ಎಲ್ಲಿ ಸಿಕ್ಕಿದ್ದೆ? ದಿನವಿಡೀ ನಿಂತೇ ಇರ್ತೀಯ. ಮನೆಗೆ ಬಂದ ಮೇಲೆ ಇದೊಂದು ಕೆಲಸವಾದ್ರೂ ನಿನಗೆ ತಪ್ಪಲಿ ಅಂತ..."

'ನಿದ್ದೆಗೆಟ್ಟು ಬರುವ ಮನುಷ್ಯನಿಗೆ ಇದೊಂದು ಬೇಡ' ಎಂದೇ ಅವಳೂ ಹಾಕುತ್ತಿದ್ದಳು. ನನ್ನ ನೆನಪೇ ಇಲ್ಲದವನೆಂದು ಇವನನ್ನು ಬಿಟ್ಟು ಹೊರಟಿದ್ದೆನಲ್ಲ!

"ಬದುಕುತ್ತಾ?" ಅವನು ತೊಟ್ಟಿಯತ್ತ ಬಾಗಿದ.

"ಒಂದೆರಡು ದಿನ ಏನೂ ಹಾಕಬಾರದು. ಎಷ್ಟೇ ಮುದ್ದು ಬಂದ್ರೂ ಉಪವಾಸ ಕೆಡವಬೇಕು. ಆಮೇಲೆ ಅವನ ಅದೃಷ್ಟ."

"ಹೋಗಬೇಡ ಅನ್ನೋಕೆ ನನಗೆ ಮುಖ ಇಲ್ಲ. ಆದ್ರೂ ಹೇಳ್ತೀನಿ... ಹೋಗಬೇಡ. ಹಗಲು ಪಾಳಿ ಕೊಡಿ ಅಂತ ಇವತ್ತೇ ಕೇಳ್ತೀನಿ. ಕೊಡದಿದ್ರೆ, ನೀನು ಬರೋವರೆಗೂ ಕಾದು, ನಿನ್ನ ಜೊತೆ ಒಂದು ಮಾತಾಡಿಯೇ ಕೆಲಸಕ್ಕೆ ಹೋಗ್ತೀನಿ. ತಡವಾದ್ರೆ ಬೈಸ್ಕೊಳ್ತೀನಿ."

ಅವಳು ಬ್ಯಾಗನ್ನು ನೆಲಕ್ಕಿಟ್ಟು, ಕುರ್ಚಿಯಲ್ಲಿ ಕುಸಿದು ಕುಳಿತಳು.

"ಅಕ್ಕನಿಗೆ ಬರಲ್ಲ ಅಂತ ಫೋನ್ ಮಾಡ್ತೀನಿ. ಅದೇನ್ರೀ ಮುಖ ಹಾಗಾಗಿದೆ? ಊಟ ಮಾಡಿದ್ದು ಯಾವಾಗ?"

"ನೆನಪಿಲ್ಲ. ನೀನು?"

"ನನಗೂ ಇಲ್ಲ..."

ಅವನು ಒಲೆ ಹಚ್ಚಿದ.

"ಸಾಹೇಬನ ಎದುರೇ ತಿನ್ನೋದಾ? ಶಾಪ ಹಾಕ್ತಾನೆ!"

"ಹಾಕಲಿ ಬಿಡು. ಇಬ್ಬರಿಗೂ ಒಟ್ಟಿಗೇ ತಟ್ಟುತ್ತಲ್ಲ... ನನಗೆ ಅಷ್ಟು ಸಾಕು."